ಕರ್ನಾಟಕದಲ್ಲಿ ಹೊರನಾಡಿನ ಗುಲಗಂಜಿ ಹುಳುಗಳು: ಪ್ರವೇಶ, ನೆಲೆಯೂರಿಕೆ ಮತ್ತು ಪರಿಣಾಮದ ದಾಖಲೆಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಕೀಟ ನಿಯಂತ್ರಣಕ್ಕೆಂದು ಹೊರದೇಶಗಳಿಂದ ತರಿಸಿ ಕರ್ನಾಟಕದಲ್ಲಿ ಅಥವಾ ಅದಕ್ಕೆ ಸಮೀಪದ ಬೆಟ್ಟಸೀಮೆಗಳಲ್ಲಿ ಬಿಡಲಾದ ಮೂರು ಗುಲಗಂಜಿ ಹುಳುಗಳು ಈ ಟಿಪ್ಪಣಿಯ ವಿಷಯ. ಅವು ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೀಮಸ್ ಮಾಂಟ್ರೂಜಿಯೇರಿ, ಅದೇ ಖಂಡದ ರೊಡೋಲಿಯಾ ಕಾರ್ಡಿನಾಲಿಸ್ ಮತ್ತು ಉಷ್ಣವಲಯದ ಅಮೆರಿಕ ಮೂಲದ ಕ್ಯೂರಿನಸ್ ಸಿರೂಲಿಯಸ್. ಮೂರೂ ಕಾಕ್ಸಿನೆಲ್ಲಿಡೇ ಕುಟುಂಬದ ಪರಭಕ್ಷಕಗಳು. ಬದನೆ, ಆಲೂಗಡ್ಡೆಗಳ ಎಲೆ ತಿನ್ನುವ ಎಪಿಲಾಕ್ನಾ ಗುಂಪಿನ ಹುಳುಗಳು ಇದೇ ಕುಟುಂಬಕ್ಕೆ ಸೇರಿದ್ದರೂ ಅವನ್ನು ಇಲ್ಲಿ ಪರಿಗಣಿಸಿಲ್ಲ.

ಇಲ್ಲಿ ಮೂರು ಹಂತಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಲಾಗಿದೆ. ಪ್ರಭೇದವನ್ನು ತಂದು ಬಿಟ್ಟದ್ದು ಪ್ರವೇಶ. ಮತ್ತೆ ಮತ್ತೆ ಬಿಡದೆಯೂ ಅದು ಪೀಳಿಗೆಯಿಂದ ಪೀಳಿಗೆಗೆ ಉಳಿದುಕೊಂಡರೆ ನೆಲೆಯೂರಿಕೆ. ನೆಲೆಯೂರಿದ ಮೇಲೆ ಹರಡಿ ಸ್ಥಳೀಯ ಜೀವಿಗಳಿಗೆ ಅಳೆಯಬಹುದಾದಷ್ಟು ಹಾನಿ ಮಾಡಿದರೆ ಆಕ್ರಮಣ. ಒಂದು ಹಂತದ ಪುರಾವೆ ಇನ್ನೊಂದಕ್ಕೆ ಸಲ್ಲದು. ಪ್ರಕಟಿತ ಸಾಹಿತ್ಯದಲ್ಲಿ ಮೊದಲ ಎರಡು ಹಂತಗಳನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುವ ರೂಢಿಯಿದೆ. ಮೂರನೆಯ ಹಂತವನ್ನು ಅಲ್ಲಗಳೆಯುವಾಗ ಕೊಡುವ ಆಧಾರ ಬಹುಮಟ್ಟಿಗೆ ಮೊದಲ ಹಂತದ್ದೇ ಆಗಿರುತ್ತದೆ.

2. ದಾಖಲೆಗಳನ್ನು ಓದುವಾಗ ಎದುರಾಗುವ ಮೂರು ತೊಡಕುಗಳು

2.1 ಸ್ಥಳನಾಮ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದ್ರಾಸಿನ ಆಡಳಿತದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ ಹಳೆಯ ವರದಿಯೊಂದರಲ್ಲಿ ‘ಮದ್ರಾಸ್’, ‘ಮೈಸೂರು’ ಅಥವಾ ‘ದಕ್ಷಿಣ ಭಾರತ’ ಎಂದಷ್ಟೇ ಇದ್ದರೆ ಅದನ್ನು ಈಗಿನ ಗಡಿಗಳೊಳಗೆ ಖಚಿತವಾಗಿ ಕೂರಿಸಲಾಗದು.

2.2 ಪ್ರಭೇದನಾಮ. ಕ್ರಿಪ್ಟೊಲೀಮಸ್ ಮಾಂಟ್ರೂಜಿಯೇರಿಯನ್ನು ವಿವರಿಸಿದವರು ಫ್ರಾನ್ಸಿನ ಎಟಿಯೆನ್ ಮುಲ್ಸಾಂ. ಕೆಲವು ಪಟ್ಟಿಗಳು ಅದಕ್ಕೆ 1850 ಎಂಬ ವರ್ಷ ಕೊಡುತ್ತವೆ, ಸರಿಯಾದದ್ದು 1853. ಮುಲ್ಸಾಂ ಅವರ ಮುಖ್ಯ ಗ್ರಂಥ 1850ರದ್ದಾಗಿರುವುದೇ ಈ ಗೊಂದಲಕ್ಕೆ ಕಾರಣವಿರಬೇಕು. ರೊಡೋಲಿಯಾ ಕುಲವನ್ನು 2020ರ ಪರಿಷ್ಕರಣೆಯೊಂದು ನೋವಿಯಸ್ ಕುಲದಲ್ಲಿ ಸೇರಿಸಿದೆ. ಅಲ್ಲಿಂದೀಚಿನ ಬರಹಗಳಲ್ಲಿ ಎರಡೂ ಹೆಸರುಗಳು ಕಾಣುತ್ತವೆ. ಇಲ್ಲಿ ಹಳೆಯದನ್ನು ಉಳಿಸಿಕೊಳ್ಳಲಾಗಿದೆ. ಆಹಾರ ಕೀಟಗಳ ಹೆಸರಿಗೂ ಇದೇ ಮಾತು. ಪ್ಲಾನೊಕಾಕಸ್ ಕುಲವನ್ನು ಸ್ಥಾಪಿಸಿದ್ದು 1950ರಲ್ಲಿ. ಅದಕ್ಕಿಂತ ಹಿಂದಿನ ಕಾಫಿ ವರದಿಗಳಲ್ಲಿ ಅದೇ ಹಿಟ್ಟು ತಿಗಣೆಗಳನ್ನು ಸೂಡೊಕಾಕಸ್ ಎಂಬ ಹೆಸರಿನಡಿ ಹುಡುಕಬೇಕಾಗುತ್ತದೆ.

2.3 ವರ್ಷ. ಹುಳು ಬಂದರು ಮುಟ್ಟಿದ ವರ್ಷ, ಸಾಕಣೆ ಆರಂಭವಾದ ವರ್ಷ, ತೋಟದಲ್ಲಿ ಬಿಟ್ಟ ವರ್ಷ, ವರದಿ ಅಚ್ಚಾದ ವರ್ಷ, ಈ ನಾಲ್ಕೂ ಬೇರೆ ಇರಬಹುದು. ನಂತರದ ಪಟ್ಟಿಗಳು ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿವೆ. ಯಾವುದನ್ನು ಎಂಬ ಸೂಚನೆ ಸಾಮಾನ್ಯವಾಗಿ ಇರುವುದಿಲ್ಲ.

3. ಕ್ರಿಪ್ಟೊಲೀಮಸ್: 1898 ಮತ್ತು 1953

3.1 ಆಲ್ಬರ್ಟ್ ಕೋಬೆಲೆ ಎಂಬ ಸಂಗ್ರಾಹಕರು ಆಸ್ಟ್ರೇಲಿಯಾದಿಂದ ಈ ಹುಳುವನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದದ್ದು 1891–92ರಲ್ಲಿ. ಭಾರತಕ್ಕೆ ಅದು ಬಂದದ್ದು 1898ರ ಜೂನ್‌ನಲ್ಲಿ. ತರಿಸಿದವರು ಪಳನಿ ಬೆಟ್ಟಗಳ ಕಾಫಿ ಬೆಳೆಗಾರ ಎಚ್. ಒ. ನ್ಯೂಪೋರ್ಟ್. ಉದ್ದೇಶ, ಕಾಫಿಯ ಹಸಿರು ಶಲ್ಕಕೀಟವನ್ನು (ಕಾಕಸ್ ವಿರಿಡಿಸ್) ಹತೋಟಿಗೆ ತರುವುದು. ಈ ಕೀಟವನ್ನು ಇ. ಅರ್ನೆಸ್ಟ್ ಗ್ರೀನ್ ಅವರು ಸಿಂಹಳದಿಂದ ವಿವರಿಸಿ ಆಗ ಒಂಬತ್ತು ವರ್ಷವಷ್ಟೇ ಆಗಿತ್ತು (1889). ಭಾರತದ ಜೈವಿಕ ನಿಯಂತ್ರಣದ ಇತಿಹಾಸಗಳಲ್ಲಿ ಈ ಪ್ರವೇಶದ ತಿಂಗಳು ಮತ್ತು ವರ್ಷದ ಬಗ್ಗೆ ಬಹುಮಟ್ಟಿಗೆ ಒಮ್ಮತವಿದೆ.

3.2 ಹಸಿರು ಶಲ್ಕಕೀಟದ ಮೇಲೆ ಪ್ರಯೋಗ ಫಲಿಸಲಿಲ್ಲ ಎಂಬುದರಲ್ಲೂ ಒಮ್ಮತವಿದೆ. ಹುಳುವಿನ ಜೀವನಕ್ರಮವೇ ಇದಕ್ಕೆ ಒಂದು ಸಂಭಾವ್ಯ ಕಾರಣ. ಹೆಣ್ಣು ಕ್ರಿಪ್ಟೊಲೀಮಸ್ ತನ್ನ ಮೊಟ್ಟೆಗಳನ್ನು ಹಿಟ್ಟು ತಿಗಣೆಯ ಹತ್ತಿಯಂಥ ಮೊಟ್ಟೆಚೀಲದೊಳಗೆ ಅಥವಾ ಅದರ ಪಕ್ಕದಲ್ಲಿ ಇಡುತ್ತದೆ. ಆ ಮೇಣದ ಎಳೆಗಳೇ ಮೊಟ್ಟೆಯಿಡಲು ಪ್ರಚೋದನೆ. ಕಾಕಸ್ ವಿರಿಡಿಸ್ ಚಪ್ಪಟೆಯಾದ, ನುಣುಪಾದ ಕೀಟ. ಅದಕ್ಕೆ ಅಂಥ ಚೀಲವಿಲ್ಲ. ಪೇರಲೆಯ ಮೇಲೆ ಕಾಣುವ ಹಸಿರು ಶಲ್ಕಕೀಟವಾದ ಕ್ಲೋರೊಪಲ್ವಿನೇರಿಯಾ ಸಿಡಿಯೈಗೆ ಹತ್ತಿಯಂಥ ಮೊಟ್ಟೆಚೀಲವಿದೆ. ಅದರ ಮೇಲೆ ಕ್ರಿಪ್ಟೊಲೀಮಸ್ ಚೆನ್ನಾಗಿ ಕೆಲಸ ಮಾಡಿದ್ದು ಬೆಂಗಳೂರು ಸುತ್ತಿನ ನಂತರದ ಪ್ರಯೋಗಗಳಲ್ಲಿ ಕಂಡುಬಂತು. 1898ರ ವೈಫಲ್ಯವನ್ನು ಇಷ್ಟರಿಂದಲೇ ಪೂರ್ತಿ ವಿವರಿಸಬಹುದೆನ್ನಲಾಗದು. ಆದರೆ ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುತ್ತವೆ.

3.3 ಮುಂದಿನ ಭದ್ರವಾದ ದಿನಾಂಕ 1953. ಡಬ್ಲ್ಯು. ವಿಲ್ಸನ್ ಮೇನ್ ಅವರು ಆ ವರ್ಷ ‘ನೇಚರ್’ ಪತ್ರಿಕೆಯ 172ನೇ ಸಂಪುಟದಲ್ಲಿ ದಕ್ಷಿಣ ಭಾರತದ ಕ್ರಿಪ್ಟೊಲೀಮಸ್ ಬಗ್ಗೆ ಕಿರುಟಿಪ್ಪಣಿಯೊಂದನ್ನು ಪ್ರಕಟಿಸಿದರು. ಪ್ರವೇಶಕ್ಕೂ ಈ ಟಿಪ್ಪಣಿಗೂ ನಡುವೆ 55 ವರ್ಷಗಳ ಅಂತರವಿದೆ. 1953ರಲ್ಲಿ ಹುಳು ಇತ್ತು ಎಂಬುದರಿಂದ ಈ 55 ವರ್ಷವೂ ಅದು ಎಡೆಬಿಡದೆ ಇತ್ತು ಎಂದು ತೀರ್ಮಾನಿಸುವುದು ಸಹಜವಾದರೂ ಕಡ್ಡಾಯವಲ್ಲ; ನಡುವೆ ಬೇರೆ ಕಡೆಯಿಂದ, ಉದಾಹರಣೆಗೆ ಗಿಡಸಸಿಗಳ ಜೊತೆ, ಬಂದಿರುವ ಸಾಧ್ಯತೆಯನ್ನು ದಿನಾಂಕಗಳು ತಳ್ಳಿಹಾಕುವುದಿಲ್ಲ. ಶೀರ್ಷಿಕೆಯ ‘ದಕ್ಷಿಣ ಭಾರತ’ವನ್ನು 2.1ರಲ್ಲಿ ಹೇಳಿದ ಎಚ್ಚರಿಕೆಯೊಂದಿಗೆ ಓದಬೇಕು.

4. ಸಾಕಣೆ ಮತ್ತು ಮರುಬಿಡುಗಡೆ: 1970ರ ದಶಕದಿಂದೀಚೆಗೆ

4.1 ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಆರಂಭವಾದದ್ದು 1957ರಲ್ಲಿ. ಅಖಿಲ ಭಾರತ ಸಮನ್ವಯ ಜೈವಿಕ ನಿಯಂತ್ರಣ ಯೋಜನೆ 1977ರಲ್ಲಿ ಶುರುವಾಯಿತು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಹೆಸರು ಬದಲಾಯಿಸುತ್ತ ಈಗ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಆಗಿದೆ. ಕಾಫಿಯಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ತೋಟಗಾರಿಕೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ರೇಷ್ಮೆಯಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕ್ರಿಪ್ಟೊಲೀಮಸ್ ಮೇಲೆ ಕೆಲಸ ಮಾಡಿವೆ.

4.2 ಸಾಕಣೆಯ ವಿಧಾನ ಸರಳವಾದದ್ದು. ಅದರ ವಿವರ ಇಲ್ಲಿ ಪ್ರಸ್ತುತ. ಚೆನ್ನಾಗಿ ಬಲಿತ, ತೊಟ್ಟು ಉಳಿಸಿಕೊಂಡ, ಹೊರಮೈಯಲ್ಲಿ ಆಳವಾದ ಗೆರೆಗಳಿರುವ ಸಿಹಿ ಕುಂಬಳಕಾಯಿಯನ್ನು ಆರಿಸುತ್ತಾರೆ. ಅದನ್ನು ತೊಳೆದು, ಶಿಲೀಂಧ್ರನಾಶಕ ಸವರಿ, ಗಾಯವಿದ್ದ ಕಡೆ ಕರಗಿಸಿದ ಮೇಣ ಮೆತ್ತುತ್ತಾರೆ. ಇಲ್ಲವಾದರೆ ಕಾಯಿ ಕೊಳೆತು ಹುಳುವಿನ ಕಂತು ಪೂರ್ತಿ ನಷ್ಟ. ಮೇಲೆ ಹಿಟ್ಟು ತಿಗಣೆಯ ಮೊಟ್ಟೆಚೀಲಗಳನ್ನಿಟ್ಟರೆ ಮರಿಗಳು ಹರಿದು ಗೆರೆಗಳೊಳಗೆ ನೆಲೆಗೊಳ್ಳುತ್ತವೆ. ಕಾಯಿ ಬಿಳಿಚಿಕೊಂಡ ಮೇಲೆ ಅದನ್ನು ಪಂಜರದೊಳಗಿಟ್ಟು ಗುಲಗಂಜಿ ಹುಳುಗಳನ್ನು ಬಿಡುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಹೊಸ ಪ್ರೌಢ ಹುಳುಗಳು ಬೆಳಕಿನತ್ತ ಬಂದು ಸೇರುತ್ತವೆ. ಅವನ್ನು ಹಿಡಿದು ತೋಟಕ್ಕೆ ಕಳಿಸುತ್ತಾರೆ.

4.3 ದ್ರಾಕ್ಷಿಯಲ್ಲಿ ಬಳ್ಳಿಗೆ 10 ಹುಳುಗಳಂತೆ ಬಿಡುವ ಶಿಫಾರಸು ಇದೆ. ಹಿಪ್ಪುನೇರಳೆಯಲ್ಲಿ ಮ್ಯಾಕೊನೆಲ್ಲಿಕಾಕಸ್ ಹಿರ್ಸೂಟಸ್ ಎಂಬ ಹಿಟ್ಟು ತಿಗಣೆಯಿಂದ ಕುಡಿ ಮುರುಟುವ ‘ತುಕ್ರ’ಕ್ಕೆ ಎಕರೆಗೆ 250 ಕ್ರಿಪ್ಟೊಲೀಮಸ್, ಇಲ್ಲವೇ 500 ಸ್ಕಿಮ್ನಸ್ ಕಾಕ್ಸಿವೋರಾ, ಆರು ತಿಂಗಳ ಅಂತರದ ಎರಡು ಕಂತುಗಳಲ್ಲಿ ಎಂಬುದು ಶಿಫಾರಸು. ಸ್ಕಿಮ್ನಸ್ ಕಾಕ್ಸಿವೋರಾ ಭಾರತದ್ದೇ ಪ್ರಭೇದ. ಒಂದೇ ಶಿಫಾರಸಿನೊಳಗೆ ಹೊರನಾಡಿನ ಹುಳುವೂ ಸ್ಥಳೀಯ ಹುಳುವೂ ಪರ್ಯಾಯಗಳಾಗಿ ಬಂದಿರುವುದು ಗಮನಾರ್ಹ. ಎರಡನ್ನೂ ಒಂದೇ ತೋಟದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಶಿಫಾರಸು ಉತ್ತರವಲ್ಲ.

4.4 ಮರುಬಿಡುಗಡೆಯಿಂದ ನೆಲೆಯೂರಿಕೆಯ ಪುರಾವೆ ಗಟ್ಟಿಯಾಗುವುದಿಲ್ಲ, ಸಡಿಲವಾಗುತ್ತದೆ. ಚಿಕ್ಕಮಗಳೂರಿನ ಅಥವಾ ಕೊಡಗಿನ ತೋಟವೊಂದರಲ್ಲಿ ಇಂದು ಸಿಕ್ಕ ಕ್ರಿಪ್ಟೊಲೀಮಸ್ 1898ರ ಸಂತತಿಯದ್ದೇ, ಹಿಂದಿನ ವರ್ಷ ಪಕ್ಕದ ತೋಟದಲ್ಲಿ ಬಿಟ್ಟದ್ದರ ಪೀಳಿಗೆಯೇ, ಅಥವಾ ಹೋದ ತಿಂಗಳು ಪೆಟ್ಟಿಗೆಯಲ್ಲಿ ಬಂದದ್ದೇ ಎಂದು ನೋಟಮಾತ್ರದಿಂದ ತಿಳಿಯದು. ಮಾದರಿಯ ಚೀಟಿಯಲ್ಲಿ ಸ್ಥಳ ಮತ್ತು ದಿನಾಂಕ ಮಾತ್ರವಿದ್ದರೆ ಅದು ಹುಳು ಅಲ್ಲಿ ಸಿಕ್ಕಿತು ಎಂಬುದಕ್ಕೆ ಪುರಾವೆ. ನೆಲೆಯೂರಿದೆ ಎಂಬುದಕ್ಕೆ ಅಲ್ಲ.

5. ಗುರುತಿಸುವಿಕೆ: ತಪ್ಪೆಣಿಕೆಯ ಮೂಲಗಳು

5.1 ಪ್ರೌಢ ಕ್ರಿಪ್ಟೊಲೀಮಸ್ ಸುಮಾರು 4 ಮಿ.ಮೀ. ಉದ್ದ. ಮೇಲ್ರೆಕ್ಕೆಗಳು ಕಪ್ಪುಗಂದು, ತಲೆ, ಎದೆಯ ಮೇಲ್ಕವಚ ಮತ್ತು ಮೇಲ್ರೆಕ್ಕೆಗಳ ತುದಿ ಕಿತ್ತಳೆ ಬಣ್ಣ. ಗಂಡಿನ ಮುಂಗಾಲು ಹಳದಿಮಿಶ್ರಿತ ಕಂದು, ಹೆಣ್ಣಿನದು ಕಪ್ಪು. ಮಸೂರ ಹಿಡಿದರೆ ಈ ವ್ಯತ್ಯಾಸ ತೋಟದಲ್ಲೇ ಕಾಣುತ್ತದೆ. ಪ್ರೌಢಾವಸ್ಥೆಯಲ್ಲಿ ತಪ್ಪುಗುರುತಿಗೆ ಅವಕಾಶ ಕಡಿಮೆ.

5.2 ತೊಡಕಿರುವುದು ಮರಿಹುಳುವಿನಲ್ಲಿ. ಅದರ ಮೈಮೇಲೆಲ್ಲ ಬಿಳಿ ಮೇಣದ ಎಳೆಗಳಿದ್ದು ಹಿಟ್ಟು ತಿಗಣೆಯಂತೆಯೇ ತೋರುತ್ತದೆ. ತಿಗಣೆಯೆಂದೇ ತಿಳಿದು ಮದ್ದು ಹೊಡೆಯುವುದುಂಟು. ಒಂದೇ ಗೊಂಚಲಿನಲ್ಲಿ ಹಿಟ್ಟು ತಿಗಣೆ, ಕ್ರಿಪ್ಟೊಲೀಮಸ್ ಮರಿ, ಸ್ಕಿಮ್ನಸ್ ಮರಿ ಮತ್ತು ಸ್ಪಾಲ್ಗಿಸ್ ಎಪಿಯಸ್ ಚಿಟ್ಟೆಯ ಮರಿ, ಹೀಗೆ ನಾಲ್ಕು ಬಿಳಿಯ ಜೀವಿಗಳು ಸೇರಿರಬಹುದು. ಸ್ಪಾಲ್ಗಿಸ್ ಸ್ಥಳೀಯ ಚಿಟ್ಟೆ. ಅದರ ಮರಿಹುಳು ಎಲೆ ತಿನ್ನದೆ ಹಿಟ್ಟು ತಿಗಣೆಗಳನ್ನೇ ತಿಂದು ಬೆಳೆಯುತ್ತದೆ. ಪೂರ್ತಿ ಬೆಳೆದ ಕ್ರಿಪ್ಟೊಲೀಮಸ್ ಮರಿ 13 ಮಿ.ಮೀ.ವರೆಗೆ ಇರುತ್ತದೆ, ಹೆಣ್ಣು ತಿಗಣೆ ಅದರ ಮೂರನೆಯ ಒಂದು ಭಾಗದಷ್ಟು. ಮುಟ್ಟಿದರೆ ಮರಿ ಚುರುಕಾಗಿ ಸರಿಯುತ್ತದೆ, ತಿಗಣೆ ಬಹುತೇಕ ಕದಲದು. ಚಿಕ್ಕ ಹಂತದ ಕ್ರಿಪ್ಟೊಲೀಮಸ್ ಮರಿಯನ್ನೂ ಸ್ಕಿಮ್ನಸ್ ಮರಿಯನ್ನೂ ಬೇರ್ಪಡಿಸುವುದು ಇಷ್ಟು ಸುಲಭವಲ್ಲ. ಎಣಿಕೆಯ ಕೋಷ್ಟಕದಲ್ಲಿ ‘ಗುಲಗಂಜಿ ಹುಳುವಿನ ಮರಿ’ ಎಂದಷ್ಟೇ ಇದ್ದಾಗ ಆ ಅಂಕಿ ಯಾವ ಪ್ರಭೇದದ್ದೆಂದು ಕೇಳಲೇಬೇಕು.

5.3 ಕ್ಯೂರಿನಸ್‌ನಲ್ಲಿ ತಪ್ಪಿಗೆ ಎಡೆಯಿರುವುದು ಪ್ರೌಢಾವಸ್ಥೆಯಲ್ಲೇ. ಅದು ದುಂಡನೆಯ, ಗಾಢನೀಲಿ ಲೋಹದ ಹೊಳಪಿನ ಹುಳು. ಎದೆಯ ಮೇಲ್ಕವಚದ ಎರಡೂ ಬದಿಗೆ ಕಿತ್ತಳೆ ಮಚ್ಚೆ. ನಮ್ಮ ಸ್ಥಳೀಯ ಕೈಲೋಕೊರಸ್ ನೈಗ್ರಿಟಾ ಕೂಡ ದುಂಡಗೆ, ಕಪ್ಪಗೆ ಹೊಳೆಯುತ್ತದೆ. ಅದರ ಮೇಲ್ಕವಚದ ಬದಿಗಳೂ ತಿಳಿಬಣ್ಣದವು. ನೇರ ಬೆಳಕಿನಲ್ಲಿ ಎರಡೂ ಕಪ್ಪೆಂದೇ ಕಾಣಬಹುದು. ಓರೆ ಬೆಳಕಿನಲ್ಲಿ ಹೊಮ್ಮುವ ನೀಲಿ ಮತ್ತು ತುಸು ದೊಡ್ಡ ಗಾತ್ರ ಕ್ಯೂರಿನಸ್‌ನ ಲಕ್ಷಣಗಳು. ಛಾಯಾಚಿತ್ರದಿಂದ ಮಾತ್ರ ಮಾಡಿದ ಗುರುತುಗಳನ್ನು ಆದಕಾರಣ ಪ್ರತ್ಯೇಕವಾಗಿ ನಮೂದಿಸುವುದು ಒಳ್ಳೆಯದು.

6. ಕ್ಯೂರಿನಸ್: 1988

6.1 ಈ ಹುಳುವಿನ ದಾರಿ ಸುತ್ತುಬಳಸಿನದು. ಅದನ್ನು 1922ರಲ್ಲಿ ಹವಾಯಿಗೆ ತಂದದ್ದು ತೆಂಗಿನ ಹಿಟ್ಟು ತಿಗಣೆಯ ಮೇಲೆ. ಸುಬಾಬುಲ್ ಮರದ ಸಿಲ್ಲಿಡ್ ಕೀಟ (ಹೆಟೆರೊಸಿಲ್ಲಾ ಕ್ಯೂಬಾನಾ) 1984ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಾಗ ಆ ಹುಳು ಹೊಸ ಆಹಾರಕ್ಕೂ ಒಗ್ಗಿತು. ಸಿಲ್ಲಿಡ್ ಪೆಸಿಫಿಕ್ ದ್ವೀಪಗಳನ್ನು ದಾಟಿ 1986ರ ಹೊತ್ತಿಗೆ ಆಗ್ನೇಯ ಏಷ್ಯಾವನ್ನೂ 1988ರ ಹೊತ್ತಿಗೆ ದಕ್ಷಿಣ ಭಾರತವನ್ನೂ ಮುಟ್ಟಿತು. ಮೇವಿಗೂ ಸೌದೆಗೂ ಬೆಳೆಸಿದ್ದ ಸುಬಾಬುಲ್ ಕುಡಿಗಳು ಸೊರಗಿದವು. ಆಗ್ನೇಯ ಏಷ್ಯಾದಲ್ಲಿ ಬಿಟ್ಟಿದ್ದ ಕ್ಯೂರಿನಸ್‌ನ ಒಂದು ಪಾಲನ್ನು 1988ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನಿಂದ ಬೆಂಗಳೂರಿಗೆ ತರಿಸಲಾಯಿತು.

6.2 ಬೆಂಗಳೂರು ಸುತ್ತಿನ ಸುಬಾಬುಲ್ ತೋಪುಗಳಲ್ಲಿ ಬಿಟ್ಟ ಹುಳುಗಳು ಮತ್ತೆ ಸಿಕ್ಕವೆಂಬ ವರದಿ 1989ರಲ್ಲೇ ಪ್ರಕಟವಾಯಿತು. ಮುಂದಿನ ಸಮೀಕ್ಷೆಗಳು ಅದನ್ನು ನೆಲೆಯೂರಿದ ಪ್ರಭೇದವೆಂದು ಎಣಿಸಿವೆ. ಕ್ರಿಪ್ಟೊಲೀಮಸ್‌ನಷ್ಟು ವ್ಯಾಪಕವಾಗಿ ಇದನ್ನು ಸಾಕಿ ಮಾರಿಲ್ಲ. ಹಾಗಾಗಿ 4.4ರಲ್ಲಿ ಹೇಳಿದ ಗೊಂದಲ ಇಲ್ಲಿ ಕಡಿಮೆ, ನೆಲೆಯೂರಿಕೆಯ ಪುರಾವೆ ಹೆಚ್ಚು ಶುದ್ಧ.

6.3 ಆಹಾರದ ವ್ಯಾಪ್ತಿ ಮಾತ್ರ ಬೇರೆ ಬಗೆಯದು. ಕ್ರಿಪ್ಟೊಲೀಮಸ್ ಮುಖ್ಯವಾಗಿ ಹಿಟ್ಟು ತಿಗಣೆ ಮತ್ತು ಮೇಣದ ಚೀಲವಿರುವ ಮೆದು ಶಲ್ಕಕೀಟಗಳನ್ನು ಅವಲಂಬಿಸುತ್ತದೆ. ಕ್ಯೂರಿನಸ್ ಸಿಲ್ಲಿಡ್, ಹಿಟ್ಟು ತಿಗಣೆ, ಬಿಳಿ ನೊಣ ಮುಂತಾದ ಹಲವು ಗುಂಪುಗಳನ್ನು ತಿನ್ನುವುದು ನಾನಾ ದೇಶಗಳಿಂದ ವರದಿಯಾಗಿದೆ. ನಿಯಂತ್ರಣದ ದೃಷ್ಟಿಯಿಂದ ಇದು ಅನುಕೂಲ: ಸಿಲ್ಲಿಡ್ ಕಡಿಮೆಯಿರುವ ತಿಂಗಳುಗಳಲ್ಲೂ ಹುಳು ಬದುಕುತ್ತದೆ. ಸ್ಥಳೀಯ ಪರಭಕ್ಷಕಗಳ ದೃಷ್ಟಿಯಿಂದ ಅದೇ ಗುಣ ಎಚ್ಚರಿಕೆಗೆ ಕಾರಣ.

7. ರೊಡೋಲಿಯಾ: ವರ್ಷದ ಭಿನ್ನತೆ

ಕಿತ್ತಳೆ ತೋಟಗಳ ಹತ್ತಿಮೆತ್ತೆ ಶಲ್ಕಕೀಟವನ್ನು (ಐಸೀರಿಯಾ ಪರ್ಚಾಸಿ) 1888–89ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹತೋಟಿಗೆ ತಂದು ಹೆಸರಾದ ಹುಳು ಇದು. ನೀಲಗಿರಿಯ ವಾಟಲ್ ಮರಗಳಲ್ಲಿ ಅದೇ ಕೀಟ ಹೆಚ್ಚಿದಾಗ ಅಲ್ಲಿಗೂ ತರಿಸಲಾಯಿತು. ತರಿಸಿದ ವರ್ಷವನ್ನು ಕೆಲವು ಪಟ್ಟಿಗಳು 1926 ಎಂದೂ, ಬೇರೆ ಕೆಲವು ಕ್ಯಾಲಿಫೋರ್ನಿಯಾದಿಂದ 1929, ಈಜಿಪ್ಟಿನಿಂದ 1930 ಎಂದೂ ಕೊಡುತ್ತವೆ. ಎರಡನೆಯ ನಮೂದು ಎರಡು ಮೂಲಗಳನ್ನು ಎರಡು ವರ್ಷಗಳಿಗೆ ಹಂಚಿ, ಬಿಡುಗಡೆಯನ್ನು 1930ಕ್ಕೆ ಇಡುತ್ತದೆ. ಮೊದಲನೆಯದು ‘ಈಜಿಪ್ಟಿನ ಮೂಲಕ ಕ್ಯಾಲಿಫೋರ್ನಿಯಾದಿಂದ’ ಎಂದು ಎರಡನ್ನೂ ಒಂದೇ ಪಯಣವಾಗಿ ಹೇಳುತ್ತದೆ. ವಿವರ ಹೆಚ್ಚಿರುವುದರಿಂದ 1929–30 ಎಂಬುದು ಮೇಲೆಂದು ತೋರುತ್ತದೆ. ಆದರೆ ವಿವರ ಹೆಚ್ಚಿದ್ದ ಮಾತ್ರಕ್ಕೆ ಅದು ಮೂಲಕ್ಕೆ ಹತ್ತಿರ ಎನ್ನಲಾಗದು. ಈ ಪ್ರಕರಣ ನಡೆದದ್ದು ಕರ್ನಾಟಕದ ಗಡಿಯಾಚೆಗೆ. ಅದನ್ನು ಇಲ್ಲಿ ತಂದದ್ದು 2.3ರಲ್ಲಿ ಹೇಳಿದ ಸಮಸ್ಯೆಗೆ ಸ್ಪಷ್ಟ ಉದಾಹರಣೆಯಾಗಿ.

8. ಪರಿಣಾಮ: ಏನನ್ನು ಅಳೆಯಲಾಗಿದೆ

8.1 ಗುರಿಕೀಟ. ದ್ರಾಕ್ಷಿ, ಪೇರಲೆ, ನಿಂಬೆಜಾತಿಯ ಬೆಳೆ, ಕಾಫಿ ಮತ್ತು ಹಿಪ್ಪುನೇರಳೆಗಳಲ್ಲಿ ಕ್ರಿಪ್ಟೊಲೀಮಸ್ ಬಿಟ್ಟ ನಂತರ ಹಿಟ್ಟು ತಿಗಣೆ ಇಳಿಮುಖವಾದದ್ದನ್ನು ಅನೇಕ ಪ್ರಯೋಗಗಳು ತೋರಿಸಿವೆ. ಇವುಗಳ ಸಾಮಾನ್ಯ ವಿನ್ಯಾಸ ಹೀಗೆ: ಆಯ್ದ ಗಿಡಗಳಲ್ಲಿ ಬಿಡುಗಡೆಗೆ ಮುಂಚೆ ತಿಗಣೆಗಳ ಎಣಿಕೆ, ನಂತರ ನಿಯತ ಅಂತರದಲ್ಲಿ ಮರುಎಣಿಕೆ. ಈ ವಿನ್ಯಾಸ ತನ್ನ ಪ್ರಶ್ನೆಗೆ ಸಮರ್ಪಕ. ಇರುವೆಗಳು ಸಿಹಿಯಂಟಿನ ಆಸೆಗೆ ತಿಗಣೆಗಳನ್ನು ಕಾಯುವಲ್ಲಿ ಫಲಿತಾಂಶ ಕುಂದುತ್ತದೆ. ಆದ್ದರಿಂದ ಇರುವೆ ನಿಯಂತ್ರಣವೂ ಸಲಹೆಯ ಭಾಗವಾಗಿರುತ್ತದೆ.

8.2 ಪರತಂತ್ರ ಕಣಜಗಳು. ಲೆಪ್ಟೊಮ್ಯಾಸ್ಟಿಕ್ಸ್ ಡ್ಯಾಕ್ಟಿಲೋಪಿ ಎಂಬ ಕಣಜವನ್ನು 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಲಾಯಿತು. ಅದು ಪ್ಲಾನೊಕಾಕಸ್ ಸಿಟ್ರಿಯ ದೇಹದೊಳಗೆ ಬೆಳೆಯುತ್ತದೆ. ಕಣಜ ಹೊಕ್ಕ ತಿಗಣೆಯನ್ನೂ, ಅದು ಗಟ್ಟಿಯಾಗಿ ಮಮ್ಮಿಯಾಗುವ ಮುನ್ನ, ಕ್ರಿಪ್ಟೊಲೀಮಸ್ ತಿನ್ನಬಲ್ಲದು. ಎಂದರೆ ಎರಡು ಸಹಾಯಕ ಜೀವಿಗಳ ನಡುವೆಯೇ ನಷ್ಟವಿದೆ. ಪ್ರಯೋಗಾಲಯದಲ್ಲಿ ಇದು ಸ್ಪಷ್ಟ. ತೋಟದಲ್ಲಿ ಎರಡೂ ಒಟ್ಟಿಗೆ ಉಳಿಯುವುದರಿಂದ ನಷ್ಟದ ಪ್ರಮಾಣ ಸಹಿಸಬಹುದಾದಷ್ಟೇ ಇರಬೇಕೆಂಬ ಊಹೆ ಪ್ರಚಲಿತ.

8.3 ಇತರ ಉಪಯುಕ್ತ ಕೀಟಗಳು. ಇಲ್ಲಿ ದಕ್ಷಿಣ ಆಫ್ರಿಕಾದ ಅನುಭವ ಬೋಧಪ್ರದ. ಅಲ್ಲಿ 1900ರಲ್ಲಿ ಹಿಟ್ಟು ತಿಗಣೆಗೆಂದು ತಂದ ಕ್ರಿಪ್ಟೊಲೀಮಸ್, 1938ರಲ್ಲಿ ಪಾಪಾಸುಕಳ್ಳಿಯ ನಾಶಕ್ಕೆಂದು ತಂದ ಕೊಚಿನಿಯಲ್ ಕೀಟವನ್ನು (ಡ್ಯಾಕ್ಟಿಲೋಪಿಯಸ್ ಒಪನ್ಷಿಯೇ) ತಿನ್ನತೊಡಗಿ ಕಳೆ ನಿಯಂತ್ರಣವನ್ನು ಕುಂಠಿತಗೊಳಿಸಿತು. ಗುಲಗಂಜಿ ಹುಳುವನ್ನು ತಗ್ಗಿಸಲು ಡಿಡಿಟಿ ಬಳಸಿ ಕಳ್ಳಿಯ ನಿಯಂತ್ರಣ ಸುಧಾರಿಸಿದ ವರದಿ 1969ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತಕ್ಕೆ ಅದೇ ಕೊಚಿನಿಯಲ್ ಪ್ರಭೇದ 1926ರಲ್ಲಿ ಸಿಂಹಳದಿಂದ ಬಂತು, ಕಳ್ಳಿ ವ್ಯಾಪಕವಾಗಿ ಅಳಿಯಿತು. ಕ್ರಿಪ್ಟೊಲೀಮಸ್ ಆಗಲೇ ಬಂದು 28 ವರ್ಷವಾಗಿತ್ತು. ಕೊಚಿನಿಯಲ್ ತಡೆಯಿಲ್ಲದೆ ಹರಡಿದ್ದರಿಂದ, ಆ ಹೊತ್ತಿಗೆ ಬಯಲುಸೀಮೆಯಲ್ಲಿ ಕ್ರಿಪ್ಟೊಲೀಮಸ್ ವಿರಳವಾಗಿತ್ತು ಎಂದು ಅನುಮಾನಿಸಬಹುದು. ಇದು ಪರೋಕ್ಷವೂ ದುರ್ಬಲವೂ ಆದ ಅನುಮಾನ: ಒಣಹವೆಯೂ ಅದೇ ಫಲಿತಾಂಶ ಕೊಡಬಹುದಿತ್ತು.

8.4 ಸ್ಥಳೀಯ ಪರಭಕ್ಷಕಗಳು. ಸ್ಕಿಮ್ನಸ್ ಕಾಕ್ಸಿವೋರಾ, ಸ್ಪಾಲ್ಗಿಸ್ ಎಪಿಯಸ್ ಮತ್ತು ಕ್ರಿಪ್ಟೊಲೀಮಸ್ ಮೂರಕ್ಕೂ ಆಹಾರ ಒಂದೇ. ಪೈಪೋಟಿ ಇರಬೇಕೆಂಬ ನಿರೀಕ್ಷೆ ಸಮಂಜಸ. ಆದರೆ 8.1ರ ವಿನ್ಯಾಸದಲ್ಲಿ ಎಣಿಕೆಯ ಘಟಕ ತಿಗಣೆ. ಅವಧಿ ಒಂದು ಹಂಗಾಮು. ಘಟಕ ಪ್ರದೇಶ ಒಂದು ತೋಟ. ಸ್ಥಳೀಯ ಪ್ರಭೇದವೊಂದರ ಹಂಚಿಕೆ ಕುಗ್ಗಿತೇ ಎಂದು ತಿಳಿಯಲು ಹಲವು ವರ್ಷಗಳ, ಹಲವು ತೋಟಗಳ, ಬಿಡುಗಡೆಗೆ ಮುಂಚಿನ ಎಣಿಕೆ ಬೇಕು. ಆದ್ದರಿಂದ ಈ ಪ್ರಯೋಗಗಳಲ್ಲಿ ‘ಪ್ರತಿಕೂಲ ಪರಿಣಾಮ ಕಂಡುಬಂದಿಲ್ಲ’ ಎಂಬ ವಾಕ್ಯವನ್ನು, ಅದನ್ನು ಹುಡುಕಲು ರೂಪಿಸದ ಪ್ರಯೋಗದ ಫಲವೆಂದು ಓದಬೇಕು. ಅದು ಪರಿಣಾಮವಿಲ್ಲ ಎಂಬ ಫಲಿತಾಂಶವಲ್ಲ. ಪರಿಣಾಮವಿದೆ ಎಂಬುದಕ್ಕೆ ಸಾಕ್ಷ್ಯವೂ ಅಲ್ಲ.

9. ಹೋಲಿಕೆ: ಹಾರ್ಮೋನಿಯಾ ಆಕ್ಸಿರಿಡಿಸ್

9.1 ಆಕ್ರಮಣ ಎಂಬ ಪದಕ್ಕೆ ಪೂರ್ಣವಾಗಿ ಒಪ್ಪುವ ಗುಲಗಂಜಿ ಹುಳು ಪೂರ್ವ ಏಷ್ಯಾ ಮೂಲದ ಹಾರ್ಮೋನಿಯಾ ಆಕ್ಸಿರಿಡಿಸ್. ಅಮೆರಿಕದಲ್ಲಿ ಮೊದಲ ಬಿಡುಗಡೆ 1916ರಲ್ಲಿ. ನೆಲೆಯೂರಿದ್ದು ಖಚಿತವಾದದ್ದು 1988ರಲ್ಲಿ, ಲೂಸಿಯಾನದಲ್ಲಿ. ಎರಡರ ನಡುವೆ 72 ವರ್ಷ. ಬೆಲ್ಜಿಯಂನಲ್ಲಿ ಅದನ್ನು 1997ರಿಂದ ಬಿಡಲಾಗುತ್ತಿತ್ತು. 2001ರಲ್ಲಿ ಬಯಲಿನಲ್ಲಿ ಕಂಡಿತು. ಬ್ರಿಟನ್ನಿನಲ್ಲಿ ಅದನ್ನು ಬಿಟ್ಟಿರಲೇ ಇಲ್ಲ. ಆದರೂ 2004ರಲ್ಲಿ ಕಾಣಿಸಿಕೊಂಡಿತು. ಪೂರ್ವ ಅಮೆರಿಕದಲ್ಲಿ ನೆಲೆಯೂರಿದ ಸಂತತಿಯೇ ಯುರೋಪು, ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಆಕ್ರಮಣಗಳಿಗೆ ಮುಖ್ಯ ಮೂಲವೆಂದು 2010ರ ಆನುವಂಶಿಕ ಅಧ್ಯಯನವೊಂದು ತೋರಿಸಿತು.

9.2 ಪರಿಣಾಮದ ಅಳತೆ 2012ರಲ್ಲಿ ಪ್ರಕಟವಾಯಿತು. ಹಾರ್ಮೋನಿಯಾ ಬಂದ ನಂತರದ ಐದು ವರ್ಷಗಳಲ್ಲಿ ಎರಡು ಚುಕ್ಕಿಯ ಸ್ಥಳೀಯ ಹುಳು ಅಡಾಲಿಯಾ ಬೈಪಂಕ್ಟೇಟಾದ ಹಂಚಿಕೆ ಬೆಲ್ಜಿಯಂನಲ್ಲಿ 30%, ಬ್ರಿಟನ್ನಿನಲ್ಲಿ 44% ಕುಗ್ಗಿತ್ತು. ಪರಿಶೀಲಿಸಿದ 8 ಸ್ಥಳೀಯ ಪ್ರಭೇದಗಳಲ್ಲಿ ಬೆಲ್ಜಿಯಂನಲ್ಲಿ 5, ಬ್ರಿಟನ್ನಿನಲ್ಲಿ 7 ಇಳಿಮುಖವಾಗಿದ್ದವು. ಈ ಅಂಕಿಗಳು ಸಾಧ್ಯವಾದದ್ದು ಹಾರ್ಮೋನಿಯಾ ಬರುವ ಮೊದಲಿನಿಂದಲೂ ಹವ್ಯಾಸಿಗಳು ಸೇರಿಸಿಟ್ಟಿದ್ದ ದಾಖಲೆಗಳಿಂದ.

9.3 ಹೋಲಿಕೆಯನ್ನು ಎಷ್ಟು ದೂರ ಒಯ್ಯಬಹುದು? ಹಾರ್ಮೋನಿಯಾ ಗಿಡಹೇನು ತಿನ್ನುವುದರ ಜೊತೆಗೆ ಬೇರೆ ಗುಲಗಂಜಿ ಹುಳುಗಳ ಮೊಟ್ಟೆ, ಮರಿಗಳನ್ನೂ ತಿನ್ನುವ ಸರ್ವಭಕ್ಷಕ. ಕ್ರಿಪ್ಟೊಲೀಮಸ್‌ನ ಆಹಾರ ಸೀಮಿತ. ಅದೇ ಬಗೆಯ ಹಾನಿಯನ್ನು ಅದರಿಂದ ನಿರೀಕ್ಷಿಸಲು ಕಾರಣ ಕಡಿಮೆ. ಹೋಲಿಕೆ ಸಲ್ಲುವುದು ಎರಡೇ ಅಂಶಗಳಲ್ಲಿ: ಪ್ರವೇಶ ಮತ್ತು ನೆಲೆಯೂರಿಕೆಯ ನಡುವಿನ ದೀರ್ಘ ವಿಳಂಬ, ಮತ್ತು ಮುಂಚಿತ ಎಣಿಕೆಯ ಅಗತ್ಯ.

9.4 ವಿರುದ್ಧ ದಿಕ್ಕಿನ ಪ್ರಕರಣಗಳೂ ಇವೆ. ಕೈಲೋಕೊರಸ್ ನೈಗ್ರಿಟಾವನ್ನು ಭಾರತದಿಂದ 1938ರಲ್ಲಿ ತೆಂಗಿನ ಶಲ್ಕಕೀಟಗಳ ಮೇಲೆ ಸೇಶೆಲ್ಸ್ ದ್ವೀಪಗಳಿಗೆ ಒಯ್ದರು. 1996ರಲ್ಲಿ ಕೆರಿಬಿಯನ್ನಿನ ಹಿಟ್ಟು ತಿಗಣೆ ಹಾವಳಿಗೆ ಭಾರತದಿಂದ ಸ್ಕಿಮ್ನಸ್ ಕಾಕ್ಸಿವೋರಾ ಹೋಯಿತು. ಅದರ ಜೊತೆ, ಇಲ್ಲಿ ಸಾಕಿದ ಕ್ರಿಪ್ಟೊಲೀಮಸ್ ಕೂಡ ಹೋಯಿತು. ನಮ್ಮ ಸ್ಥಳೀಯ ಪ್ರಭೇದಗಳು ಅಲ್ಲಿನ ದಾಖಲೆಗಳಲ್ಲಿ ಹೊರಗಿನವು.

10. ನಿಯಮಗಳ ಕಾಲಕ್ರಮ

ಕೀಟಗಳ ಆಮದನ್ನು ನಿಯಂತ್ರಿಸುವ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯ್ದೆ ಬಂದದ್ದು 1914ರಲ್ಲಿ. ಕ್ರಿಪ್ಟೊಲೀಮಸ್ ಅದಕ್ಕಿಂತ 16 ವರ್ಷ ಮೊದಲೇ ಬಂದಿತ್ತು. ಜೈವಿಕ ನಿಯಂತ್ರಕಗಳ ಆಮದು ಕುರಿತ ಅಂತರರಾಷ್ಟ್ರೀಯ ನೀತಿಸಂಹಿತೆ 1996ರಲ್ಲಿ ಪ್ರಕಟವಾಗಿ 2005ರಲ್ಲಿ ಪರಿಷ್ಕೃತವಾಯಿತು. ಕ್ಯೂರಿನಸ್ ಬಂದದ್ದು ಅದಕ್ಕೂ 8 ವರ್ಷ ಮುಂಚೆ. ಗುರಿಯಲ್ಲದ ಜೀವಿಗಳ ಮೇಲಿನ ಅಪಾಯವನ್ನು ಈಗಿನ ಮಟ್ಟದಲ್ಲಿ ಮುಂಚಿತವಾಗಿ ಪರೀಕ್ಷಿಸಿಲ್ಲವೆಂದು ಆ ಕಾಲದ ಸಂಶೋಧಕರನ್ನು ಆಕ್ಷೇಪಿಸುವುದು ಕಾಲವ್ಯತ್ಯಯವಾದೀತು. ಆಗ ಕೇಳದಿದ್ದ ಪ್ರಶ್ನೆಗೆ ಆಗಿನ ದಾಖಲೆಗಳು ಉತ್ತರಿಸಿವೆ ಎಂದು ಭಾವಿಸುವುದೂ ಅಷ್ಟೇ ತಪ್ಪು.

11. ತೀರ್ಮಾನಗಳು

(ಅ) ಕ್ರಿಪ್ಟೊಲೀಮಸ್‌ನ ಪ್ರವೇಶ (ಜೂನ್ 1898) ಮತ್ತು ಕ್ಯೂರಿನಸ್‌ನ ಪ್ರವೇಶ (ಅಕ್ಟೋಬರ್ 1988) ಸಾಕಷ್ಟು ಭದ್ರವಾದ ದಿನಾಂಕಗಳು. ರೊಡೋಲಿಯಾದ ವರ್ಷವನ್ನು 1929–30 ಎಂದು, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ, ಬರೆಯುವುದು ಸೂಕ್ತ.

(ಆ) ಕ್ರಿಪ್ಟೊಲೀಮಸ್ ದಕ್ಷಿಣ ಭಾರತದಲ್ಲಿ ನೆಲೆಯೂರಿದೆ ಎನ್ನಲು ಆಧಾರವಿದೆ. ಆದರೆ ಕರ್ನಾಟಕದ ನಿರ್ದಿಷ್ಟ ತೋಟವೊಂದರಲ್ಲಿ ಅದು ಸ್ವತಂತ್ರವಾಗಿ ಉಳಿದಿದೆ ಎನ್ನಲು, ಮರುಬಿಡುಗಡೆಗಳ ಕಾರಣ, ಪ್ರತಿ ಸಲವೂ ಬೇರೆ ಪುರಾವೆ ಬೇಕು. ಕ್ಯೂರಿನಸ್‌ಗೆ ಈ ತೊಡಕು ಕಡಿಮೆ.

(ಇ) ಎರಡನ್ನೂ ಆಕ್ರಮಣಕಾರಿ ಎನ್ನಲು ಈಗಿನ ದಾಖಲೆಗಳು ಸಾಲವು. ನಿರುಪದ್ರವಿ ಎನ್ನಲೂ ಅವು ಸಾಲವು, ಏಕೆಂದರೆ ಎಣಿಸಿದ್ದು ಗುರಿಕೀಟವನ್ನು.

(ಈ) ಮುಂದಿನ ಪರಿಶೀಲನೆಗೆ ಆದ್ಯತೆ ಕೊಡಬೇಕಾದರೆ ಹೆಚ್ಚು ಪ್ರಚಾರದಲ್ಲಿರುವ ಕ್ರಿಪ್ಟೊಲೀಮಸ್‌ಗಿಂತ ಕ್ಯೂರಿನಸ್ ಮೊದಲು ಬರಬೇಕು. ಅದರ ಆಹಾರದ ವ್ಯಾಪ್ತಿ ದೊಡ್ಡದು, ಸಂತತಿ ಬಿಡುಗಡೆಯನ್ನು ಅವಲಂಬಿಸಿಲ್ಲ, ಸ್ಥಳೀಯ ಕೈಲೋಕೊರಸ್ ಜೊತೆ ಗೊಂದಲಕ್ಕೆ ಎಡೆಯಿದೆ.

(ಉ) ಮಾದರಿಯ ಚೀಟಿಯಲ್ಲಿ ಸ್ಥಳ, ದಿನಾಂಕಗಳ ಜೊತೆ ಇನ್ನು ನಾಲ್ಕು ನಮೂದುಗಳಿರುವುದು ಅಪೇಕ್ಷಣೀಯ: ಆಶ್ರಯ ಸಸ್ಯ, ಹುಳು ತಿನ್ನುತ್ತಿದ್ದ ಕೀಟ, ಹಿಂದಿನ 12 ತಿಂಗಳಲ್ಲಿ ಆ ತೋಟದಲ್ಲಾಗಲಿ ನೆರೆಯಲ್ಲಾಗಲಿ ಬಿಡುಗಡೆ ಆಗಿದೆಯೇ ಎಂಬುದು, ಅದೇ ಗಿಡದಲ್ಲಿ ಕಂಡ ಸ್ಥಳೀಯ ಪರಭಕ್ಷಕಗಳ ಎಣಿಕೆ, ಶೂನ್ಯವಾದರೆ ಶೂನ್ಯವೆಂದೇ. ಮೂರನೆಯ ನಮೂದು ನೆಲೆಯೂರಿಕೆಯ ಪ್ರಶ್ನೆಗೆ, ನಾಲ್ಕನೆಯದು ಪರಿಣಾಮದ ಪ್ರಶ್ನೆಗೆ ಬೇಕಾದ ಕನಿಷ್ಠ ಮಾಹಿತಿ.